ದೊಡ್ಡವರ ಕಾರಿಗೆ ಮ್ಯೂಸಿಯಂ, ಮಾವನ ಮೆಟಡೋರಿಗೆ ಗುಜರಿ



ನೂರು ವರ್ಷದ ಹಿಂದಿನ ಕಾರುಗಳನ್ನು ಮ್ಯೂಸಿಯಂನಲ್ಲಿ ಇಡುವುದು ಸರಿಯೇ. ಆದರೆ ದೊಡ್ಡವರ ಕಾರು ಮಾತ್ರ ಇಟ್ಟರೆ ಸಾಲದು ಎಂಬುದು ನನ್ನ ಅಭಿಪ್ರಾಯ. "ಹಳೇ ಕಬ್ಬಿಣ ಇಟ್ಕೊಂಡು ಏನು ಮಾಡ್ತಾರೆ?" ಅಂತ ನಮ್ಮ ಕ್ಲಾಸಿನ ಕೆಲವರು ನಗುತ್ತಾರೆ. ಅವರೂ ಇದನ್ನು ಓದಬೇಕು.

ನಮ್ಮ ರಾಜ್ಯದಲ್ಲಿ ಧರ್ಮಸ್ಥಳದಲ್ಲಿ ಕಾರು ಮ್ಯೂಸಿಯಂ ಇದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳ 'ಪಯಣ' ಎಂಬ ಇನ್ನೊಂದು ಮ್ಯೂಸಿಯಂ 2023ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಶುರುವಾಯಿತು.

ಹಳೇ ಕಾರುಗಳಲ್ಲಿ 'ಟೂರಿಂಗ್ ಕಾರು' ಅಂತ ಒಂದು ಬಗೆ. ನಾಲ್ಕೈದು ಜನ ಕೂರಬಹುದು. ಪಕ್ಕಕ್ಕೆ ಗಾಜಿಲ್ಲ, ಮೇಲೆ ಬಟ್ಟೆಯ ಟಾಪು. ಬೇಡವೆಂದರೆ ಅದನ್ನು ಹಿಂದಕ್ಕೆ ಮಡಚಬಹುದು. ಮಳೆಯಲ್ಲಿ ಹುಳಿಮಾವಿನಿಂದ ಬನ್ನೇರುಘಟ್ಟಕ್ಕೆ ಅದರಲ್ಲಿ ಹೋದರೆ ಎಲ್ಲರೂ ತೊಪ್ಪೆಯಾಗೋದು ಗ್ಯಾರಂಟಿ!

ಇವುಗಳಲ್ಲಿ ನನಗೆ ಇಷ್ಟವಾದದ್ದು ಅಮೆರಿಕದ ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಕಾರು ತಯಾರಾದವು. 1913ರಿಂದ ಫ್ಯಾಕ್ಟರಿಯಲ್ಲಿ ಕಾರೇ ಮುಂದೆ ಮುಂದೆ ಸಾಗುತ್ತಿತ್ತು, ಕೆಲಸಗಾರರು ನಿಂತಲ್ಲೇ ತಮ್ಮ ಪಾಲಿನ ಭಾಗ ಜೋಡಿಸುತ್ತಿದ್ದರು. ಅದಕ್ಕೇ ಮೊದಲು 850 ಡಾಲರ್ ಇದ್ದ ಟೂರಿಂಗ್ ಕಾರು 1925ರ ಹೊತ್ತಿಗೆ 300 ಡಾಲರಿಗಿಂತ ಕಡಿಮೆಗೆ ಸಿಕ್ಕಿತು. ರೈತರೂ ಕೊಂಡರು. ಹಿಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಬೆಲ್ಟ್ ಹಾಕಿ ಸೌದೆ ಕುಯ್ದರು, ನೀರೆತ್ತಿದರು. ಸ್ಟಾರ್ಟ್ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಅದು ತಿರುಗಿ ಒದ್ದರೆ ಕೈ ಮುರಿಯುತ್ತಿತ್ತು. ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ, ಪಂಪು ಇಲ್ಲ. ಕಡಿದಾದ ಏರಿನಲ್ಲಿ ಪೆಟ್ರೋಲ್ ಎಂಜಿನ್ನಿಗೆ ಇಳಿಯದೆ ಹೋದರೆ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುತ್ತಿದ್ದರು!

ನೋಡಿ, ಇದು ರಾಜರ ಕಾರಲ್ಲ, ದುಡಿಯುವವರ ಗಾಡಿ. ಆದರೂ ಬೇರೆ ಬೇರೆ ದೇಶಗಳ ಮ್ಯೂಸಿಯಂಗಳಲ್ಲಿ ಇದನ್ನು ಜೋಪಾನವಾಗಿ ಇಟ್ಟಿದ್ದಾರೆ. ಹಾಗಾದರೆ ನಮ್ಮ ದುಡಿಯುವ ಗಾಡಿಗಳಿಗೂ ಜಾಗ ಬೇಡವೇ?

ನಮ್ಮ ದೇಶದಲ್ಲಿ 2021ರಲ್ಲಿ ಎರಡು ಸಂಗತಿ ನಡೆದವು. ಎಫ್‌ಸಿಯಲ್ಲಿ ಫೇಲಾದ ಹಳೇ ಗಾಡಿಯನ್ನು ಗುಜರಿಗೆ ಹಾಕುವ ನೀತಿ ಬಂತು. 50 ವರ್ಷ ದಾಟಿದ, ಮೂಲರೂಪ ಕೆಡದ ಕಾರು ಬೈಕುಗಳಿಗೆ 'ವಿಎ' ಎಂಬ ಅಕ್ಷರದ ನಂಬರ್ ಕೊಡುವ ನಿಯಮವೂ ಬಂತು. ಆದರೆ ಗಾಡೀನ 50 ವರ್ಷ ಶೆಡ್ಡಲ್ಲಿ ಜೋಪಾನ ಮಾಡೋಕೆ ಯಾರಿಗೆ ಆಗುತ್ತೆ? ಶೆಡ್ ಇದ್ದವರಿಗೆ ತಾನೇ?

ನನ್ನ ಸೋದರಮಾವನ ಮೆಟಡೋರ್ ದಿನಾ ಬೆಳಗಿನ ಜಾವ ಕಲಾಸಿಪಾಳ್ಯದ ಮಾರ್ಕೆಟ್ಟಿಗೆ ಸೊಪ್ಪು ಹೊತ್ತಿತು. ಊರಿನ ಎಷ್ಟೋ ಮದುವೆಗೆ ಪಾತ್ರೆ, ಶಾಮಿಯಾನ ಸಾಗಿಸಿತು. ಹೋದ ವರ್ಷ ಅದನ್ನು ಕೆಜಿ ಲೆಕ್ಕದಲ್ಲಿ ತೂಗಿ ಕೊಂಡುಹೋದರು. ಹೊಗೆ ಉಗುಳುವ ಗಾಡಿ ರೋಡಿನಲ್ಲಿ ಓಡಲಿ ಅಂತ ನಾನು ಹೇಳುತ್ತಿಲ್ಲ. ಒಂದು ಮೆಟಡೋರ್, ಒಂದು ಲಗೇಜ್ ಆಟೋ ಮ್ಯೂಸಿಯಂನಲ್ಲಿ ನಿಲ್ಲಲಿ. ಬೋರ್ಡಿನಲ್ಲಿ ಓಡಿಸಿದವರ ಹೆಸರು, ರಿಪೇರಿ ಮಾಡಿದವರ ಹೆಸರು ಇರಲಿ.

ಮಾವ ಅದರ ಹಾರನ್ ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದಾರೆ. ವಿಜ್ಞಾನದ ಕೊಠಡಿಯಲ್ಲಿ ಒಂದು ಮೂಲೆ ಕೊಟ್ಟರೆ ಶಾಲೆಗೆ ಕೊಡುತ್ತಾರಂತೆ. ಮೇಷ್ಟ್ರು ಹೂಂ ಅನ್ನಬೇಕು.

— 7ನೇ ತರಗತಿ