ಖಾಲಿ ಉಳಿದ ಮನೆಗಳು

ಕನ್ನಡ ಎಂ.ಎ. ಮಾಡಿದವನಿಗೆ ಶಸ್ತ್ರವೈದ್ಯದ ಗೊಡವೆ ಏಕೆಂದು ವಾಚಕರು ಹುಬ್ಬೇರಿಸಬಹುದು. ಹಲಸಿನಹಣ್ಣು ಕೊಯ್ಯಲು ಹೋಗಿ ಬೆರಳು ಕೊಯ್ದುಕೊಂಡದ್ದನ್ನು ಬಿಟ್ಟರೆ ಆ ವಿದ್ಯೆಯೊಡನೆ ನನಗೆ ಬೇರೆ ನಂಟಿರಲಿಲ್ಲ. ನಂಟು ಬೆಳೆದದ್ದು ನನ್ನ ಚಿಕ್ಕಪ್ಪನ ಮಗಳಿಂದ. ಎಂ.ಬಿ.ಬಿ.ಎಸ್. ಮುಗಿಸಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯದ ಎಂ.ಎಸ್. ಓದುತ್ತಿರುವ ಆಕೆ ತಿಂಗಳಿಗೊಂದು ಭಾನುವಾರ ನಮ್ಮ ಮನೆಗೆ ಬರುತ್ತಾಳೆ. ಬರುತ್ತಾಳೆ ಎನ್ನುವುದಕ್ಕಿಂತ, ಬಂದು ನಿದ್ರಿಸುತ್ತಾಳೆ ಎನ್ನುವುದೇ ಸರಿ. ತಟ್ಟೆಯ ಮುಂದೆ ಕುಳಿತಲ್ಲಿಯೇ ಅವಳ ಕಣ್ಣು ಮುಚ್ಚುವುದನ್ನು ಕಂಡು ನನ್ನ ತಾಯಿ, “ಉಣ್ಣುವುದಕ್ಕೇ ಪುರುಸೊತ್ತಿಲ್ಲದ ಹುಡುಗಿಗೆ ಪುಸ್ತಕ ಬರೆಯುವ ಕೆಲಸವನ್ನೂ ಹಚ್ಚಿದ್ದಾರಲ್ಲ, ಇದಾವ ನ್ಯಾಯ?” ಎಂದು ಕೇಳುತ್ತಾರೆ.

ಅಮ್ಮನ ಬಾಯಲ್ಲಿ ಪುಸ್ತಕವೆಂದರೆ ಥೀಸಿಸ್ಸು. ನಮ್ಮ ದೇಶದಲ್ಲಿ ಎಂ.ಎಸ್. ತರಬೇತಿಗೆ ಮೂರು ವರ್ಷ. ಅಷ್ಟರಲ್ಲಿ ವಾರ್ಡು, ಹೊರರೋಗಿಗಳ ವಿಭಾಗ, ಆಪರೇಷನ್ ಥಿಯೇಟರು, ರಾತ್ರಿಯ ತುರ್ತು ಕರೆ, ಕಿರಿಯರಿಗೆ ಪಾಠ — ಎಲ್ಲವೂ ಆಗಬೇಕು. 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳ ಪ್ರಕಾರ ಮೂರು ತಿಂಗಳು ಜಿಲ್ಲಾಮಟ್ಟದ ಸೇವೆಯೂ ಇದರೊಳಗೇ ಸೇರಿದೆ. ಇವೆಲ್ಲದರ ನಡುವೆ ಒಂದು ಸಂಶೋಧನೆ ನಡೆಸಿ ಪ್ರಬಂಧ ಒಪ್ಪಿಸಬೇಕು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ಆಸ್ಪತ್ರೆಗಳಲ್ಲಿ ಐದು ವರ್ಷದ ಶಸ್ತ್ರವೈದ್ಯ ತರಬೇತಿಯ ನಡುವೆ ಒಂದೆರಡು ವರ್ಷ ಕತ್ತಿಯನ್ನು ಕೆಳಗಿಟ್ಟು ಸಂಶೋಧನೆಗೇ ಮುಡಿಪಾಗಿರಲು ಅವಕಾಶವುಂಟು. ನಮ್ಮಲ್ಲಿ ಅಂಥ ಬಿಡುವಿಲ್ಲ. ಡ್ಯೂಟಿ ಮುಗಿದ ಮೇಲೆ ಉಳಿಯುವ ನಿದ್ರೆಯೇ ನಮ್ಮ ಹುಡುಗರ ಸಂಶೋಧನಾಲಯ.

ಒಂದೂವರೆ ವರ್ಷದ ಹಿಂದೆ ಆಕೆ ನನ್ನಲ್ಲೊಂದು ಉಪಕಾರ ಬೇಡಿದಳು. ಹೊಟ್ಟೆಯ ತುರ್ತು ಶಸ್ತ್ರಕ್ರಿಯೆಯಾದವರಲ್ಲಿ ಎಷ್ಟು ಮಂದಿಯ ಗಾಯ ಕೀವುಗಟ್ಟುತ್ತದೆ, ಏಕೆ ಕೀವುಗಟ್ಟುತ್ತದೆ — ಇದು ಅವಳ ವಿಷಯ. ಅಧ್ಯಯನಕ್ಕೆ ಸೇರಿಸಿಕೊಳ್ಳುವ ಮುನ್ನ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆಂಬುದು ನಿಯಮ. ಆ ಒಪ್ಪಿಗೆಯ ಪತ್ರವನ್ನು ನಾನು ಕನ್ನಡದಲ್ಲಿ ಬರೆದುಕೊಡಬೇಕಾಗಿತ್ತು. ತರಗತಿಯಲ್ಲಿ ಹಳಗನ್ನಡ ಪಾಠ ಹೇಳುವವನು ನಾನು. ‘ಶಸ್ತ್ರಕ್ರಿಯೋತ್ತರ ವ್ರಣಸಂಕ್ರಮಣ’ ಎಂದು ಗಂಭೀರವಾಗಿ ಆರಂಭಿಸಿದೆ. ಮರುವಾರವೇ ಪತ್ರ ಹಿಂದಿರುಗಿತು. ವಾರ್ಡಿನ ಆಯಾ ಅದನ್ನು ಓದಿಸಿ ಕೇಳಿ, “ಇದು ಯಾವ ದೇವರ ಮಂತ್ರ, ಡಾಕ್ಟರಮ್ಮ?” ಎಂದಳಂತೆ. ಎರಡನೆಯ ಸಲ ವಿದ್ವತ್ತನ್ನು ಗೂಟಕ್ಕೆ ತಗುಲಿಸಿ ಬರೆದೆ: ‘ನಿಮ್ಮ ಗಾಯ ಹೇಗಿದೆಯೆಂದು ಮೂವತ್ತನೆಯ ದಿನ ನಾವು ನಿಮ್ಮನ್ನು ವಿಚಾರಿಸುತ್ತೇವೆ.’ ಈ ವಾಕ್ಯ ಎಲ್ಲರಿಗೂ ಅರ್ಥವಾಯಿತು. ನನ್ನ ಗದ್ಯವನ್ನು ಅಷ್ಟು ಜನ ಓದಿ ರುಜು ಹಾಕಿದ್ದು ಅದೇ ಮೊದಲು.

ಮೂವತ್ತು ದಿನ ಏಕೆ? ಇಂಥ ಶಸ್ತ್ರಕ್ರಿಯೆಯ ಬಳಿಕ 30 ದಿನಗಳೊಳಗೆ ಗಾಯಕ್ಕೆ ತಗುಲಿದ ಸೋಂಕನ್ನು ಲೆಕ್ಕಕ್ಕೆ ಹಿಡಿಯುವುದು ವೈದ್ಯಲೋಕದ ವಾಡಿಕೆ. ಆದರೆ ರೋಗಿ ಅಷ್ಟು ದಿನ ಆಸ್ಪತ್ರೆಯಲ್ಲಿ ಇರುವುದಿಲ್ಲ. ಸುಧಾರಿಸಿಕೊಂಡೊಡನೆ ಊರಿಗೆ ಹೊರಡುತ್ತಾನೆ. ಕೀವು ಕಾಣಿಸಿಕೊಳ್ಳುವುದು ಅನೇಕ ವೇಳೆ ಆಮೇಲೆ. ಬಸ್ಸಿನ ಖರ್ಚು, ಕೂಲಿಯ ನಷ್ಟ ನೆನೆದು ಆತ ಮರಳಿ ಬಾರದಿದ್ದರೆ, ಆಸ್ಪತ್ರೆಯ ಪುಸ್ತಕದಲ್ಲಿ ಆತ ಗುಣವಾದವನಂತೆಯೇ ಕಾಣುತ್ತಾನೆ.

ಹೋದ ತಿಂಗಳು ಆಕೆ ಬಂದಾಗ ನಿದ್ರಿಸಲಿಲ್ಲ. ಮೇಜಿನ ಮೇಲೆ ಒಂದು ದೊಡ್ಡ ಪಟ್ಟಿಯನ್ನು ಹರಡಿದಳು. ಸಾಲುಸಾಲಾಗಿ ಅಂಕಿಗಳು, ಕೊನೆಯ ಕಂಬಸಾಲಿನಲ್ಲಿ ಮಾತ್ರ ಹನ್ನೊಂದು ಮನೆಗಳು ಖಾಲಿ. ಮೂವತ್ತನೆಯ ದಿನ ವಿಚಾರಿಸಲಾಗದೆ ತಪ್ಪಿಹೋದವರು ಅವರು. ಆ ದಿನಗಳಲ್ಲಿ ಆಕೆ ಥಿಯೇಟರಿನಲ್ಲಿ ನಿಂತಿದ್ದಳು.

“ಎಲ್ಲದರಲ್ಲೂ ‘ಸೋಂಕಿಲ್ಲ’ ಎಂದು ತುಂಬಿಬಿಡು ಎನ್ನುತ್ತಾರೆ ಜೊತೆಯವರು,” ಎಂದಳು. “ಯಾರಿಗೂ ಗೊತ್ತಾಗುವುದಿಲ್ಲ, ಅಣ್ಣ. ಆ ಹೊತ್ತಿನಲ್ಲಿ ಎರಡು ಆಪರೇಷನ್ನಿಗೆ ಕೈಕೊಟ್ಟು ಕಲಿಯಬಹುದು. ನಾಳೆ ನನ್ನ ಮುಂದೆ ಮಲಗುವವನಿಗೆ ಬೇಕಾದದ್ದು ನನ್ನ ಕೈಚಳಕವೋ, ನನ್ನ ಪಟ್ಟಿಯೋ?”

ಪ್ರಶ್ನೆ ಹಗುರವಾದುದಲ್ಲ. ಮೇಷ್ಟರ ಚಟ, ನಾನು ಸುಶ್ರುತನನ್ನು ಕರೆತಂದೆ. ಶಿಷ್ಯನು ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ದು ಕೈ ಪಳಗಿಸಬೇಕೆಂದು ಹೇಳಿದ ಆ ಗ್ರಂಥವೇ, ಶಾಸ್ತ್ರ ಮತ್ತು ಕರ್ಮಗಳಲ್ಲಿ ಒಂದನ್ನು ಮಾತ್ರ ಬಲ್ಲವನನ್ನು ಒಂಟಿ ರೆಕ್ಕೆಯ ಹಕ್ಕಿಗೆ ಹೋಲಿಸುತ್ತದೆ ಎಂದೆ. ಆಕೆ ನಕ್ಕಳು. “ಕುಂಬಳಕಾಯಿಗೆ ಕೀವಾಗುವುದಿಲ್ಲ, ಅಣ್ಣ. ಅದನ್ನು ಮೂವತ್ತನೆಯ ದಿನ ವಿಚಾರಿಸಬೇಕಾಗಿಯೂ ಇಲ್ಲ.”

ಆಗ ಚಾರ್ಲ್ಸ್ ಡ್ರೂ ಎಂಬಾತನ ಮಾತು ತೆಗೆದೆ. 1938ರಲ್ಲಿ ಈ ಕರಿಯ ವೈದ್ಯ ಶಸ್ತ್ರವೈದ್ಯದಲ್ಲಿ ಹೆಚ್ಚಿನ ತರಬೇತಿಗಾಗಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದ. ಬಣ್ಣದ ಭೇದ ಆಳುತ್ತಿದ್ದ ಆ ಕಾಲದಲ್ಲಿ ವಾರ್ಡಿನ ಬಾಗಿಲು ಆತನಿಗೆ ಸುಲಭವಾಗಿ ತೆರೆಯಲಿಲ್ಲ. ದೊರೆತದ್ದು ರಕ್ತವನ್ನು ಕೆಡದಂತೆ ಕಾಪಿಡುವ ಸಂಶೋಧನೆ. ಆತ ಅದನ್ನೂ ಬಿಡಲಿಲ್ಲ, ಕತ್ತಿಯನ್ನೂ ಬಿಡಲಿಲ್ಲ. ಶೇಖರಿಸಿದ ರಕ್ತದ ಕುರಿತು ಆತ ಬರೆದ ಪ್ರಬಂಧಕ್ಕೆ 1940ರಲ್ಲಿ ಡಾಕ್ಟರೇಟು ದೊರೆಯಿತು. ಅದೇ ವರ್ಷ, ಬಾಂಬುಗಳ ಮಳೆಯಲ್ಲಿ ನಲುಗುತ್ತಿದ್ದ ಬ್ರಿಟನ್ನಿಗೆ ರಕ್ತದ ಪ್ಲಾಸ್ಮಾ ಕಳುಹಿಸುವ ಕಾರ್ಯದ ಹೊಣೆ ಆತನ ಹೆಗಲೇರಿತು. ಆ ಕೆಲಸ ಮುಗಿದ ಬಳಿಕ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಮರಳಿ, 1950ರಲ್ಲಿ ಕಾರು ಅಪಘಾತದಲ್ಲಿ ಮಡಿಯುವವರೆಗೂ ಆತ ತರುಣ ಶಸ್ತ್ರವೈದ್ಯರನ್ನು ತಯಾರುಮಾಡಿದ. ಆತನ ಕೈ ತಲುಪಬಹುದಾಗಿದ್ದುದು ತನ್ನ ಮುಂದೆ ಮಲಗಿದವರನ್ನು. ಆತನ ಲೆಕ್ಕ ತಲುಪಿದ್ದು ಕಡಲಾಚೆಯ ಕಾಣದ ಗಾಯಾಳುಗಳನ್ನು.

“ಆತ ಬಾಟಲಿಯಲ್ಲಿನ ರಕ್ತ ಕೆಟ್ಟದ್ದನ್ನು ಕೆಟ್ಟಿಲ್ಲವೆಂದು ಬರೆದಿದ್ದರೆ?” ಎಂದು ಕೇಳಿದೆ.

ಆಕೆ ಉತ್ತರ ಕೊಡಲಿಲ್ಲ. ಪಟ್ಟಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೊರಟಳು. ಹೊಸ್ತಿಲಲ್ಲಿ ನಿಂತು, “ಆ ವಾಕ್ಯ ಬರೆದವನು ನೀನೇ, ಅಣ್ಣ. ವಿಚಾರಿಸುತ್ತೇವೆ ಎಂದು ಬರೆದುಬಿಟ್ಟೆ, ಈಗ ಅನುಭವಿಸುವವಳು ನಾನು,” ಎಂದಳು.

ಮುಂದಿನದನ್ನು ಆಕೆಯ ಬಾಯಿಂದಲೇ ಕೇಳಿದೆ. ಒಂದು ಮಧ್ಯಾಹ್ನ, ಬಹುದಿನದಿಂದ ಕಾದಿದ್ದ ಆಪರೇಷನ್ನಿನ ಅವಕಾಶವನ್ನು ಜೊತೆಯವನಿಗೆ ಬಿಟ್ಟುಕೊಟ್ಟು ಹನ್ನೊಂದು ಮನೆಗಳಿಗೂ ಫೋನು ಮಾಡಿದಳು. ಏಳು ಮಂದಿ ಸಿಕ್ಕರು. ಐವರ ಗಾಯ ಮಾಗಿತ್ತು. ಒಬ್ಬಾಕೆಗೆ ಮೂರನೆಯ ವಾರ ಕೀವಾಗಿ ಊರಿನ ವೈದ್ಯರೇ ವಾಸಿಮಾಡಿದ್ದರು. ಇನ್ನೊಬ್ಬರು ವೃದ್ಧರು, ಗಾಯ ಇನ್ನೂ ಒಸರುತ್ತಿತ್ತು. “ಜೀವ ಉಳಿಸಿದಿರಲ್ಲ ತಾಯಿ, ಇಷ್ಟಕ್ಕೆಲ್ಲ ನಿಮಗೆ ತೊಂದರೆ ಕೊಡುವುದೆ ಎಂದು ಸುಮ್ಮನಿದ್ದೆ,” ಎಂದರಂತೆ. ಮರುದಿನ ಮಗನೊಡನೆ ಬಂದರು. ಗಾಯವನ್ನು ತೆರೆದು ತೊಳೆದವಳು ಅವಳೇ. ಪಟ್ಟಿಯನ್ನು ಕಲ್ಪನೆಯಿಂದ ತುಂಬಿದ್ದರೆ ಆ ವೃದ್ಧರು ಕಾಗದದ ಮೇಲೆ ಆರೋಗ್ಯವಂತರಾಗಿ, ಮನೆಯಲ್ಲಿ ನರಳುತ್ತಿದ್ದರು.

ಉಳಿದ ನಾಲ್ಕು ಮನೆಗಳಲ್ಲಿ ‘ತಿಳಿದುಬಂದಿಲ್ಲ’ ಎಂದು ಬರೆದಳು. ಮಾರ್ಗದರ್ಶಕರು ಹುಬ್ಬು ಗಂಟಿಕ್ಕಿ, “ಪರೀಕ್ಷಕರು ಕೇಳುತ್ತಾರೆ, ಉತ್ತರ ಹೇಳಲು ಸಿದ್ಧಳಾಗಿರು,” ಎಂದರಂತೆ. ಬಿಟ್ಟುಕೊಟ್ಟ ಆಪರೇಷನ್ನು ಮತ್ತೆ ಸಿಕ್ಕಿಲ್ಲ. ಅದರ ದುಃಖ ಅವಳಿಗಿದೆ, ಮುಚ್ಚಿಟ್ಟಿಲ್ಲ.

ಎರಡು ದೋಣಿಗಳ ಮೇಲೆ ಕಾಲಿಟ್ಟವರಿಗೆ ದಡದಲ್ಲಿ ಕುಳಿತವನು ಬುದ್ಧಿ ಹೇಳುವುದು ಸುಲಭ. ಆದರೂ ತೋಚಿದ್ದನ್ನು ಹೇಳುತ್ತೇನೆ. ದಿನದ ಕೆಲಸದಲ್ಲೇ ಹುಟ್ಟಿದ ಸಣ್ಣ ಪ್ರಶ್ನೆಯನ್ನು ಮೊದಲ ವರ್ಷವೇ ಆರಿಸಿಕೊಂಡರೆ ವಾರ್ಡೂ ಸಂಶೋಧನೆಯೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಲೆಕ್ಕ ಬಲ್ಲವರನ್ನು ಕೊನೆಗಲ್ಲ, ಆರಂಭದಲ್ಲೇ ಕೇಳಬೇಕು. ಹಿರಿಯರು ವಾರದಲ್ಲಿ ಒಂದು ಅರ್ಧದಿನವನ್ನಾದರೂ ಯಾವ ಕರೆಯೂ ಮುಟ್ಟದಂತೆ ಕಾದುಕೊಟ್ಟರೆ, ಹನ್ನೊಂದು ಮನೆಗಳು ಖಾಲಿ ಉಳಿಯುವ ಪ್ರಸಂಗವೇ ಬಾರದು. ಹುಡುಗರಿಂದ ಸತ್ಯವನ್ನು ಬಯಸುವವರು ಸತ್ಯಕ್ಕೆ ಬೇಕಾದ ಹೊತ್ತನ್ನೂ ಕೊಡಬೇಕಷ್ಟೆ.

ನಮ್ಮದೂ ಒಂದು ಪಾಲಿದೆ. ನಮ್ಮ ಮನೆಯವರೊಬ್ಬರು ಆಸ್ಪತ್ರೆಯಿಂದ ಬಂದು ತಿಂಗಳಾದ ಮೇಲೆ ಒಂದು ಸಂಜೆ ದಣಿದ ದನಿಯೊಂದು, “ಗಾಯ ಹೇಗಿದೆ?” ಎಂದು ಫೋನಿನಲ್ಲಿ ಕೇಳಬಹುದು. ಆಗ ‘ಎಲ್ಲ ಚೆನ್ನಾಗಿದೆ’ ಎಂದು ಉಪಚಾರಕ್ಕೆ ಹೇಳಿ ಮುಗಿಸದೆ, ಇದ್ದುದನ್ನು ಇದ್ದಂತೆ ಹೇಳಬೇಕು. ಆ ದನಿ ಅಂದಿನ ನಿದ್ರೆಯನ್ನು ಬಿಟ್ಟು ನಮ್ಮನ್ನು ವಿಚಾರಿಸುತ್ತಿರುತ್ತದೆ.