ಹೊಸ ಗಾಲಿಮನೆಯ ಸೋರಿಕೆ

ರಜೆ ಬಂದಿತೆಂದರೆ ಬ್ರಿಟನ್ನಿನ ಅನೇಕ ಕುಟುಂಬಗಳು ಕಾರಿನ ಹಿಂದೆ 'ಕ್ಯಾರವಾನ್' ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ಹೊರಡುತ್ತವೆ. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗೇ. ಆದರೆ ಹೊಚ್ಚ ಹೊಸ ಗಾಲಿಮನೆಯೂ ಮೊದಲ ಮಳೆಗೇ ಸೋರುವುದುಂಟು! ಕಿಟಕಿಯ ಅಂಚಿನಲ್ಲಿ, ತಗಡಿನ ಸಂದಿನಲ್ಲಿ ಅಂಟು ಸರಿಯಾಗಿ ಕೂರದಿದ್ದರೆ ನೀರು ಗೋಡೆಯೊಳಗಿಳಿದು ಮರದ ಚೌಕಟ್ಟನ್ನು ಸದ್ದಿಲ್ಲದೆ ಕೊಳೆಸುತ್ತದೆ.

ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯಂತೆ, ದೋಷವುಳ್ಳ ಸರಕನ್ನು 30 ದಿನಗಳೊಳಗೆ ಹಿಂದಿರುಗಿಸಿ ಪೂರ್ತಿ ಹಣ ಪಡೆಯಬಹುದು; ತಡವಾದರೆ ಮೊದಲು ದುರಸ್ತಿಗೋ ಬದಲಿಗೋ ಅವಕಾಶ ಕೊಡಬೇಕು. ಚಳಿಗಾಲದಲ್ಲಿ ಕೊಂಡು ಬೇಸಿಗೆಯವರೆಗೆ ಮುಚ್ಚಿಟ್ಟವರಿಗೆ ಆ 30 ದಿನಗಳು ಎಲ್ಲಿ ಉಳಿದಾವು?

ಹೊಸ ಮನೆಯಲ್ಲಿ ಹಾಲುಕ್ಕಿಸುವುದು ನಮ್ಮ ಪದ್ಧತಿ. ಗಾಲಿಮನೆಗಾದರೋ, ತಂದ ವಾರದಲ್ಲಿಯೇ ನೀರು ಸುರಿದು ನೋಡುವುದೇ ಜಾಣತನ.