ಸ್ಟೇಬಲ್ ಅಂದ ಮೇಲೆ ಡೆಸ್ಕ್‌ಟಾಪ್ ಕದಲಿಸಬೇಡಿ

ಹೇರೂರಿನಲ್ಲಿ ನಮ್ಮ ಬಳಗಕ್ಕೆಲ್ಲ ಸೇರಿ ಇರುವುದು ಒಂದೇ ಲ್ಯಾಪ್‌ಟಾಪ್. ಅದೂ ಸೆಕೆಂಡ್ ಹ್ಯಾಂಡ್. ವಿಂಡೋಸ್ ತೆಗೆದು ಡೆಬಿಯನ್ 12 ಹಾಕಿಕೊಂಡಿದ್ದೆವು. ಒಂದು ವರ್ಷ ಅದು ಒಂದು ದಿನವೂ ಕೈಕೊಡಲಿಲ್ಲ. 2025ರ ಜನವರಿಯಲ್ಲಿ, ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ, ಯೂಟ್ಯೂಬ್ ನೋಡಿ ನಮಗೊಂದು ಆಸೆ ಹುಟ್ಟಿತು: ಕೆಡಿಇ ಪ್ಲಾಸ್ಮಾ 5.27 ಹಳೇದಾಯ್ತು, ಪ್ಲಾಸ್ಮಾ 6 ಬೇಕು. ಸ್ಟೇಬಲ್ ಬಿಟ್ಟು ಟೆಸ್ಟಿಂಗ್ ಕಡೆಗೆ ತಿರುಗಿಸಿದೆವು. ಕರೆಂಟ್ ಹೋಗಿ, ಅದರ ಹಿಂದೆ ಟವರ್ ಹೋಗಿ, ಡೌನ್‌ಲೋಡ್ ಎರಡು ದಿನ ಹಿಡಿಯಿತು.

ಮೂರನೇ ದಿನ ಸಂಜೆ ಸುದ್ದಿ ಕಳಿಸಲು ಕೂತರೆ ಕನ್ನಡ ಅಕ್ಷರವೇ ಮೂಡುತ್ತಿಲ್ಲ. ಪ್ಲಾಸ್ಮಾ 6 ತಾನಾಗಿಯೇ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಐಬಸ್ ಕೆಲಸ ಮಾಡಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ವರ್ಚುವಲ್ ಕೀಬೋರ್ಡ್ ಅನ್ನುವ ಕಡೆ ಹೋಗಿ ಅದನ್ನು ಆರಿಸಬೇಕು. ಇದು ನಮಗೆ ಗೊತ್ತಾಗಿದ್ದು ಮರುದಿನ. ಅಂದಿನ ಸುದ್ದಿಯನ್ನು ಫೋನಿನಲ್ಲೇ ಕುಟ್ಟಿ ಕಳಿಸಿದೆವು. ಅಷ್ಟೊತ್ತಿಗೆ ಪುಟ ಮುಗಿದಿತ್ತು. ಸ್ಟ್ರಿಂಗರ್‌ಗೆ ಅಚ್ಚಾಗದ ಸುದ್ದಿಗೆ ದುಡ್ಡಿಲ್ಲ.

ಆ ತಪ್ಪು ನಮ್ಮದೇ. ಯಾರೂ ನಮ್ಮ ಕೈ ಹಿಡಿದು ಮಾಡಿಸಿದ್ದಲ್ಲ. ಆದರೆ ನಾವು ಮಾಡಿದ ಇದೇ ಕೆಲಸವನ್ನು ಸ್ಟೇಬಲ್ ಡಿಸ್ಟ್ರೋಗಳೇ ಎಲ್ಲರ ಪರವಾಗಿ ಮಾಡಲಿ, ಹೊಸ ಡೆಸ್ಕ್‌ಟಾಪ್ ಬಂದ ಹಾಗೆ ತುಂಬಿ ಕೊಡಲಿ ಎಂದು ಕೇಳುವವರಿದ್ದಾರೆ. ಇದಕ್ಕೆ ನಮ್ಮ ವಿರೋಧವಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಡೆಸ್ಕ್‌ಟಾಪ್ ಅಂದರೆ ಮೆನು, ಕಿಟಕಿ, ಗಡಿಯಾರ, ಸೆಟ್ಟಿಂಗ್ಸ್ ಎಲ್ಲ ಸೇರಿದ ಮುಖ. ಒಳಗಿನ ಯಂತ್ರ ಬೇರೆ. ಸ್ಟೇಬಲ್ ಡಿಸ್ಟ್ರೋ ಹಾಕಿಕೊಂಡವನಿಗೆ ಸಿಗುವ ಮಾತು ಇಷ್ಟೇ: ಬೆಂಬಲದ ಅವಧಿ ಮುಗಿಯುವ ತನಕ ಭದ್ರತೆಯ ತೇಪೆ ಬರುತ್ತಿರುತ್ತದೆ, ಮುಂದಿನ ಆವೃತ್ತಿಗೆ ನೀನಾಗಿ ಹೋಗುವ ತನಕ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ರಾತ್ರಿ ಮಲಗಿ ಬೆಳಗ್ಗೆ ಎದ್ದರೆ ಅಡುಗೆಮನೆ ಜಗಲಿಗೆ ಬಂದಿರಬಾರದು, ಮಾರಾಯ್ರೆ.

ಹೊಸತು ಬೇಕು ಅನ್ನುವವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, ಪ್ಲಾಸ್ಮಾ 5.27.5 ಜೊತೆಗೆ. ಕೆಡಿಇಯವರು ಅದೇ ಸಾಲಿನಲ್ಲಿ ದೋಷ ತಿದ್ದುತ್ತಾ ಹೋಗಿ 2024ರ ಮಾರ್ಚ್‌ನಲ್ಲಿ 5.27.11 ಕೊಟ್ಟರು. ಡೆಬಿಯನ್ 12 ಮಾತ್ರ 5.27.5ರಲ್ಲೇ ಕೂತಿತು. ತಿದ್ದಿ ಆಗಿರುವ ದೋಷವನ್ನು ಬಳಕೆದಾರ ಮತ್ತೆ ಮತ್ತೆ ಅನುಭವಿಸಬೇಕು, ಬೈಗುಳ ಮಾತ್ರ ಕೆಡಿಇಯವರಿಗೆ. ಇದನ್ನು ನಾವು ಸಮರ್ಥಿಸುವುದಿಲ್ಲ. ಇದು ಸ್ಥಿರತೆಯಲ್ಲ, ಹಟ. ಉಬುಂಟು 22.04 ನೋಡಿ: ಗ್ನೋಮ್ 42ರಿಂದ ಶುರುವಾಗಿ 42.9ರ ತನಕ ಬಂತು. ತಿದ್ದುಪಡಿ ತಗೊಂಡರು, 43ಕ್ಕೆ ಹಾರಲಿಲ್ಲ. ನಾವು ಕೇಳುವುದೂ ಅಷ್ಟೇ. 5.27.11 ಕೊಡಿ, 6 ಬೇಡ.

ಹಾರಿ ನೋಡಿದವರೂ ಇದ್ದಾರೆ. ದೊಡ್ಡ ಕಂಪನಿಗಳು ದುಡ್ಡು ಕೊಟ್ಟು ಬಳಸುವ ರೆಡ್‌ ಹ್ಯಾಟ್ ಲಿನಕ್ಸ್ 7ರಲ್ಲಿ ಗ್ನೋಮ್ 3.8 ಇತ್ತು, ನಡುನಡುವೆ ಬದಲಿಸುತ್ತಾ 3.28ರ ತನಕ ಒಯ್ದರು. 8ರಲ್ಲಿ ಒಮ್ಮೆ 3.32ಕ್ಕೆ ಏರಿಸಿ ನಿಲ್ಲಿಸಿದರು. 9ರಲ್ಲಿ ಗ್ನೋಮ್ 40 ಇಟ್ಟವರು ಆಮೇಲೆ ಅದನ್ನು ಮುಟ್ಟಲಿಲ್ಲ. ಸಂಬಳದ ಇಂಜಿನಿಯರುಗಳ ಪಡೆಯೇ ಇರುವವರು ಕೈಬಿಟ್ಟ ಅಭ್ಯಾಸವನ್ನು ಸ್ವಯಂಸೇವಕರ ಡೆಬಿಯನ್ ಯಾಕೆ ಹಿಡಿಯಬೇಕು?

ನಮಗೆ ಇನ್ನೊಂದು ಸಂಕಟವಿದೆ, ಇಂಗ್ಲಿಷ್‌ನಲ್ಲೇ ಬಳಸುವವರಿಗೆ ಇದು ಕಾಣುವುದಿಲ್ಲ. ಹೊಸ ಆವೃತ್ತಿ ಅಂದರೆ ಹೊಸ ಮೆನು, ಹೊಸ ವಾಕ್ಯ. ಅದನ್ನು ಕನ್ನಡಕ್ಕೆ ತರುವವರು ಬೆರಳೆಣಿಕೆಯ ಮಂದಿ, ಅದೂ ಬಿಡುವಿನ ವೇಳೆಯಲ್ಲಿ. ಅನುವಾದವಾಗದ ಸಾಲು ಇಂಗ್ಲಿಷ್‌ನಲ್ಲೇ ತೋರುತ್ತದೆ. ಆರು ತಿಂಗಳಿಗೊಮ್ಮೆ ಮುಖ ಬದಲಾದರೆ ಕನ್ನಡದ ಪರದೆಯಲ್ಲಿ ಇಂಗ್ಲಿಷಿನ ತೇಪೆ ಹೆಚ್ಚುತ್ತಲೇ ಹೋಗುತ್ತದೆ. ಅನುವಾದಕರಿಗೆ ಓಡಿ ಹಿಡಿಯಲು ಒಂದು ನಿಂತ ಗುರಿಯಾದರೂ ಬೇಕಲ್ಲ?

ಕನ್ನಡದ ಮಕ್ಕಳು ಶಾಲೆಯಲ್ಲಿ ಲಿನಕ್ಸ್‌ನಲ್ಲೇ ಕಲಿಯುವ ಜಾಗ ಒಂದಿದೆ, ಕಾಸರಗೋಡು. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಲಿನಕ್ಸ್ ಸಿದ್ಧಮಾಡಿ ಕೊಡುತ್ತದೆ. 2019ರಲ್ಲಿ ಕೊಟ್ಟದ್ದು ಉಬುಂಟು 18.04ರ ಮೇಲೆ ಕಟ್ಟಿದ್ದು, ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗಾಗಿ. ಆಮೇಲೆ 22.04ರ ಆಧಾರದ್ದು ಬಂತು. ಎರಡೂ ದೀರ್ಘಾವಧಿಯ ಸ್ಟೇಬಲ್ ಆವೃತ್ತಿಗಳೇ. ಅಲ್ಲಿನ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಪುಸ್ತಕದ ಚಿತ್ರದಲ್ಲಿ ಮೆನು ಎಡಕ್ಕಿದ್ದು ಪರದೆಯಲ್ಲಿ ಮಾಯವಾದರೆ ಮಗು ಯಾರನ್ನು ಕೇಳಬೇಕು? ಮೇಷ್ಟ್ರು ಒಬ್ಬರು, ಮಕ್ಕಳು ನಲವತ್ತು. ಹೊಸ ಡೆಸ್ಕ್‌ಟಾಪ್‌ನ ಅಂದಚೆಂದ ಹೊಗಳುವವರು ಅಂಥ ತರಗತಿಯಲ್ಲಿ ಒಂದು ಪೀರಿಯಡ್ ಪಾಠ ಮಾಡಿ ಬರಲಿ.

ಹೊಸತು ಬೇಕೆನ್ನುವವರಿಗೆ ದಾರಿ ಮುಚ್ಚಿಲ್ಲ. ಫೆಡೋರಾ ಇದೆ, ಆರ್ಚ್ ಇದೆ. ಬ್ರೌಸರ್, ವಿಡಿಯೋ ಎಡಿಟರ್ ಮಾತ್ರ ಹೊಸದು ಸಾಕೆಂದರೆ ಫ್ಲಾಟ್‌ಪ್ಯಾಕ್‌ನಿಂದ ತಗೊಳ್ಳಬಹುದು, ಡೆಸ್ಕ್‌ಟಾಪ್ ಅಲುಗುವುದಿಲ್ಲ. ಹೊಚ್ಚಹೊಸ ಲ್ಯಾಪ್‌ಟಾಪ್ ಕೊಂಡವನಿಗೆ ಹಳೆಯ ಸ್ಟೇಬಲ್‌ನಲ್ಲಿ ವೈಫೈ ಹಿಡಿಯದೆ ಇರಬಹುದು, ನಿಜ. ಆದರೆ ಅವನಿಗೆ ಬೇಕಾದದ್ದು ಹೊಸ ಕರ್ನಲ್. ಡೆಬಿಯನ್ನಿನ ಬ್ಯಾಕ್‌ಪೋರ್ಟ್ಸ್‌ನಲ್ಲಿ ಅದು ಸಿಗುತ್ತದೆ, ಕೇಳಿದವರಿಗೆ ಮಾತ್ರ. ಅವನ ವೈಫೈಗಾಗಿ ನಮ್ಮ ಮೆನು ಯಾಕೆ ಬದಲಾಗಬೇಕು?

2025ರ ಆಗಸ್ಟ್ 9ಕ್ಕೆ ಡೆಬಿಯನ್ 13 ಬಂತು. ಮಳೆ ಕಡಿಮೆಯಾಗುವ ತನಕ ಕಾದು, ಶಿರಸಿಗೆ ಹೋಗಿ ಒಳ್ಳೆ ನೆಟ್ ಇರುವಲ್ಲಿ ಕೂತು ಹಾಕಿಕೊಂಡು ಬಂದೆವು. ಅದರಲ್ಲಿರುವುದು ಪ್ಲಾಸ್ಮಾ 6.3.6. ಐಬಸ್ ಸೆಟ್ಟಿಂಗ್ ಮೊದಲ ದಿನವೇ ಸರಿಮಾಡಿದೆವು. ಲ್ಯಾಪ್‌ಟಾಪ್ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದೇವೆ: ‘ಡಿಸ್ಟ್ರೋ ಬದಲಿಸುವ ಮೊದಲು ಉಳಿದವರಿಗೆ ಫೋನ್ ಮಾಡಿ.’ ಇಲ್ಲಿಯವರೆಗೆ ಫೋನ್ ಬಂದಿಲ್ಲ.